ಉಷ್ಣಹಿತ: ಮನೆಯೊಳಗಿನ ಬಿಸುಪು ಮತ್ತು ತಂಪು

ಮನೆಯೊಳಗೆ ಇರುವ ಮನುಷ್ಯನಿಗೆ ಸುತ್ತಲಿನ ಬಿಸಿಯಾಗಲಿ ಚಳಿಯಾಗಲಿ ಬಾಧಿಸದೆ ಹಿತವೆನಿಸುವ ಸ್ಥಿತಿಗೆ ಉಷ್ಣಹಿತ ಎನ್ನಬಹುದು. ಕೋಣೆಯ ಉಷ್ಣತೆಯನ್ನು ಉಷ್ಣಮಾಪಕ ಹೇಳುತ್ತದೆ. ಆ ಕೋಣೆ ಬೆಚ್ಚಗಿದೆಯೋ, ತಂಪಾಗಿದೆಯೋ, ಸೆಕೆಯೋ ಎಂಬುದನ್ನು ಮೈ ಹೇಳುತ್ತದೆ. ಗಾಳಿಯ ಉಷ್ಣತೆ ಒಂದೇ ಆಗಿರುವ ಎರಡು ಮನೆಗಳಲ್ಲಿ ಒಂದರಲ್ಲಿ ಮಗು ನಿದ್ದೆ ಹೋಗುತ್ತದೆ, ಇನ್ನೊಂದರಲ್ಲಿ ರಾತ್ರಿಯೆಲ್ಲ ಹೊರಳಾಡುತ್ತದೆ. ಸೂರು, ಗೋಡೆ, ನೆಲ, ಗಾಳಿಯಾಟ, ಬೆವರು, ಉಡುಪು, ಕೆಲಸ, ಅಭ್ಯಾಸ ಇವೆಲ್ಲ ಸೇರಿ ಈ ವ್ಯತ್ಯಾಸವನ್ನು ಉಂಟುಮಾಡುತ್ತವೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿರುವ ಸಾನಮಾವು ಸೀಮೆಯಲ್ಲಿ ಮಣ್ಣಿನ ಗೋಡೆ, ಕಲ್ಲು ಚಪ್ಪಡಿ, ಹೆಂಚು, ತಾರಸಿ, ಶೀಟು ಎಲ್ಲವೂ ಹತ್ತಿರಹತ್ತಿರದಲ್ಲೇ ಕಾಣಸಿಗುತ್ತವೆ. ಆದ್ದರಿಂದ ಈ ವಿಷಯವನ್ನು ಅಲ್ಲಿನ ಮನೆಗಳನ್ನೇ ಮುಂದಿಟ್ಟುಕೊಂಡು ವಿವರಿಸಲಾಗಿದೆ.

ಸೀಮೆ ಮತ್ತು ಹವೆ

ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 40 ಕಿ.ಮೀ. ದೂರ. 2004ರಲ್ಲಿ ಧರ್ಮಪುರಿ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಈ ಭಾಗದಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳು. ಆಡಳಿತದಲ್ಲಿ ಇದು ತಮಿಳುನಾಡು. ಹವೆಯಲ್ಲಿ ಮೈಸೂರು ಪ್ರಸ್ಥಭೂಮಿಯ ಅಂಚು. ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹೊಸೂರಿನಿಂದ ಹೆದ್ದಾರಿಯಲ್ಲಿ ಕೃಷ್ಣಗಿರಿಯ ಕಡೆಗೆ ಇಳಿಯುವವರಿಗೆ ಮುಖಕ್ಕೆ ಬಡಿಯುವ ಗಾಳಿಯೇ ಬದಲಾಗಿದ್ದು ಗೊತ್ತಾಗುತ್ತದೆ. ಹತ್ತಿರದ ತಳಿ ಎಂಬ ಊರನ್ನು ಬ್ರಿಟಿಷರು ‘ಲಿಟಲ್ ಇಂಗ್ಲೆಂಡ್’ ಎಂದು ಕರೆದದ್ದೂ ಈ ತಂಪಿನಿಂದಲೇ.

ಆದರೆ ತಂಪು ವರ್ಷವಿಡೀ ಇರುವುದಿಲ್ಲ. ಇದೇ ಬಗೆಯ ಹವೆಯ ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ, 2016ರ ಏಪ್ರಿಲ್ 24ರಂದು 39.2 ಡಿಗ್ರಿ ದಾಖಲಾಗಿದೆ. ಮಾಗಿ ಕಳೆದು ಬೇಸಿಗೆ ಕಾಲಿಡುವ ದಿನಗಳಲ್ಲಿ ಹಗಲಿಗೂ ಇರುಳಿಗೂ ಹತ್ತು ಡಿಗ್ರಿಗೆ ಮೀರಿದ ಅಂತರವಿರುತ್ತದೆ. ಒಂದೇ ಮನೆ ಮಧ್ಯಾಹ್ನ ತಂಪಾಗಿಯೂ ಬೆಳಗಿನ ಜಾವ ಬೆಚ್ಚಗೂ ಇರಬೇಕು ಎಂಬುದೇ ಇಲ್ಲಿ ಮನೆ ಕಟ್ಟುವವರ ಮುಂದಿರುವ ಪ್ರಶ್ನೆ.

ಮಾತಿನಲ್ಲಿ ಬಿಸಿ ಮತ್ತು ಚಳಿ

ಕನ್ನಡದಲ್ಲಿ ‘ನೀರು ಬಿಸಿ ಇದೆ’ ಎನ್ನುತ್ತೇವೆ, ‘ನನಗೆ ಸೆಕೆ ಆಗುತ್ತಿದೆ’ ಎನ್ನುತ್ತೇವೆ. ಮೊದಲನೆಯದು ವಸ್ತುವಿನ ಗುಣ. ಎರಡನೆಯದು ಮೈಗೆ ಬಂದೊದಗಿದ ಸ್ಥಿತಿ. ಚಳಿ, ಸೆಕೆ, ನಡುಕ ಇವು ‘ನನಗೆ’ ಆಗುವಂಥವು. ಬೆಂಕಿಯ ಮುಂದೆ ಮುಖಕ್ಕೆ ತಾಗುವುದು ಝಳ, ಒಲೆಯ ಕಲ್ಲಿನಲ್ಲಿ ಉಳಿದಿರುವುದು ಕಾವು, ಗಾಳಿಯಾಡದೆ ಬೆವರಿಳಿಸುವುದು ಸೆಕೆ, ಬಯಲಿನ ಬಿಸಿಲಲ್ಲಿ ಎದ್ದು ಬರುವುದು ಧಗೆ. ವಿಜ್ಞಾನ ವಿಕಿರಣ, ಶಾಖಸಂಗ್ರಹ, ಆರ್ದ್ರತೆ ಎಂದು ಬಿಡಿಸುವುದನ್ನು ದಿನಬಳಕೆಯ ಮಾತು ಆಗಲೇ ಬೇರೆಬೇರೆ ಮಾಡಿಟ್ಟಿದೆ.

ಕೆಲವು ಪದಗಳಲ್ಲಿ ಅಳತೆಯ ಜೊತೆಗೆ ಮೆಚ್ಚುಗೆಯೂ ಇದೆ. ‘ತಂಪು’ ಎಂದರೆ ಹಿತವಾದ ಕಡಿಮೆ ಬಿಸಿ. ಅಹಿತವಾದರೆ ಅದು ‘ಚಳಿ’, ‘ಥಂಡಿ’. ‘ಬೆಚ್ಚಗೆ’ ಎಂಬುದೂ ಹಿತವೇ. ಹಿತ ಮೀರಿದರೆ ‘ಸೆಕೆ’. ಉಷ್ಣಹಿತದ ಸಮೀಕ್ಷೆಗಳಲ್ಲಿ ಚಳಿ, ತಂಪು, ತುಸು ತಂಪು, ಎರಡೂ ಅಲ್ಲ, ತುಸು ಬೆಚ್ಚಗೆ, ಬೆಚ್ಚಗೆ, ಬಿಸಿ ಎಂಬ ಏಳು ಮೆಟ್ಟಿಲುಗಳಲ್ಲಿ ಒಂದನ್ನು ಆರಿಸಲು ಕೇಳುತ್ತಾರೆ. ನಡುವಿನ ಮೆಟ್ಟಿಲೇ ಹಿತ, ಎರಡೂ ತುದಿಗಳು ಅಹಿತ ಎಂಬುದು ಆ ಲೆಕ್ಕ. ಆದರೆ ಮಾಗಿಯ ರಾತ್ರಿಯಲ್ಲಿ ‘ಒಳಗೆ ಬೆಚ್ಚಗಿದೆ’ ಎಂದ ಅಜ್ಜಿ ದೂರುತ್ತಿಲ್ಲ, ಮನೆಯನ್ನು ಹೊಗಳುತ್ತಿದ್ದಾರೆ. ಆ ಉತ್ತರವನ್ನು ಅಹಿತದ ಪಟ್ಟಿಗೆ ಸೇರಿಸಿದರೆ ಲೆಕ್ಕ ತಪ್ಪುತ್ತದೆ. ಚಳಿನಾಡಿನವರು ತುಸು ಬೆಚ್ಚಗಿರುವುದನ್ನೂ ಸೆಕೆನಾಡಿನವರು ತುಸು ತಂಪಾಗಿರುವುದನ್ನೂ ಬಯಸುತ್ತಾರೆ ಎಂಬುದನ್ನು ಸಂಶೋಧಕರು ಅನೇಕ ದೇಶಗಳಲ್ಲಿ ಗಮನಿಸಿದ್ದಾರೆ.

ಮೈಯ ಶಾಖದ ಲೆಕ್ಕ

ಸುಮ್ಮನೆ ಕುಳಿತ ವಯಸ್ಕನ ಮೈ ಸುಮಾರು 100 ವ್ಯಾಟ್ ಶಾಖವನ್ನು ಹೊರಬಿಡುತ್ತಲೇ ಇರುತ್ತದೆ. ಸಣ್ಣ ಕೋಣೆಯಲ್ಲಿ ಐದು ಜನ ಮಲಗಿದರೆ ಅದೇ ಒಂದು ಸಣ್ಣ ಒಲೆ. ಒಳಮೈಯ ಉಷ್ಣತೆ 37 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕಾದರೆ ಹುಟ್ಟಿದಷ್ಟು ಶಾಖ ಹೊರಹೋಗಲೇಬೇಕು. ಹಿತವಾದ ಸ್ಥಿತಿಯಲ್ಲಿ ಚರ್ಮದ ಉಷ್ಣತೆ 33–34 ಡಿಗ್ರಿ. ಶಾಖ ಹೊರಹೋಗಲು ನಾಲ್ಕು ದಾರಿಗಳಿವೆ: ಮುಟ್ಟಿದ ವಸ್ತುವಿಗೆ ಹರಿಯುವ ವಹನ, ಗಾಳಿ ಹೊತ್ತೊಯ್ಯುವ ಸಂವಹನ, ಮುಟ್ಟದೆಯೇ ಎದುರಿನ ಗೋಡೆಗೂ ಸೂರಿಗೂ ಸಾಗುವ ವಿಕಿರಣ, ಬೆವರು ಆರುವ ಬಾಷ್ಪೀಭವನ.

ಗಾಳಿ ಹೆಚ್ಚು ಅಲುಗಾಡದ ಕೋಣೆಯಲ್ಲಿ ಮೈಯ ಶಾಖದ ಹೆಚ್ಚುಕಡಿಮೆ ಅರ್ಧ ವಿಕಿರಣದ ದಾರಿಯಲ್ಲೇ ಹೋಗುತ್ತದೆ. ಇದು ಕಣ್ಣಿಗೆ ಕಾಣದ್ದರಿಂದ ಜನ ‘ಗಾಳಿಯೇ ಬಿಸಿ’ ಎಂದುಕೊಳ್ಳುತ್ತಾರೆ. ವಿಕಿರಣವನ್ನು ಅರಿಯಲು ಸಾನಮಾವಿನ ಹೊಲಗಳೇ ಸಾಕು. ರಾಗಿ ಕೊಯ್ಲಿನ ಚಳಿಗಾಲದಲ್ಲಿ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ತಳಿ ಕಾಡುಗಳನ್ನು ಹಾದು ಆನೆಗಳ ಹಿಂಡು ಸಾನಮಾವು ಮೀಸಲು ಅರಣ್ಯಕ್ಕೆ ಬರುತ್ತದೆ. ಬೆಳೆ ಕಾಯುವವರು ರಾತ್ರಿ ಬೆಂಕಿ ಹಾಕಿಕೊಂಡು ಕೂರುತ್ತಾರೆ. ಬೆಂಕಿಯ ಕಡೆಗಿರುವ ಮೊಣಕಾಲು, ಎದೆ, ಮುಖ ಕಾಯುತ್ತವೆ. ಬೆನ್ನು ಮಾತ್ರ ಕಂಬಳಿ ಹೊದ್ದರೂ ನಡುಗುತ್ತದೆ. ಎದೆಯ ಮುಂದಿನ ಗಾಳಿಗೂ ಬೆನ್ನ ಹಿಂದಿನ ಗಾಳಿಗೂ ಅಂಥ ವ್ಯತ್ಯಾಸವಿಲ್ಲ. ಎದೆ ನೋಡುತ್ತಿರುವುದು ಕೆಂಡವನ್ನು, ಬೆನ್ನು ನೋಡುತ್ತಿರುವುದು ಬಯಲಿನ ಆಕಾಶವನ್ನು. ಮನೆಯೊಳಗೂ ಹೀಗೆಯೇ: ಮೈಗೆ ಎದುರಾಗಿರುವ ಗೋಡೆಯೂ ಸೂರೂ ಎಷ್ಟು ಕಾದಿವೆ ಎಂಬುದು ಗಾಳಿಯ ಉಷ್ಣತೆಯಷ್ಟೇ ಮುಖ್ಯ.

ಬೆವರಿನ ಬಲ ದೊಡ್ಡದು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 2,400 ಕಿಲೋಜೂಲ್ ಶಾಖ ಹೊರಹೋಗುತ್ತದೆ; ಕುಳಿತ ಮನುಷ್ಯ ಆರೂವರೆ ಗಂಟೆಯಲ್ಲಿ ಬಿಡುವ ಶಾಖಕ್ಕೆ ಇದು ಸಮ. ಆದರೆ ಹರಿದು ನೆಲಕ್ಕೆ ಬಿದ್ದ ಬೆವರು ತಂಪು ತರುವುದಿಲ್ಲ, ಮೈಮೇಲೆ ಆರಿದ ಬೆವರು ಮಾತ್ರ ತರುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರದು. ಮಂಗಳೂರಿನ 32 ಡಿಗ್ರಿ ಹೊಸೂರಿನ 32 ಡಿಗ್ರಿಗಿಂತ ಅಸಹನೀಯವೆನಿಸಲು ಇದೇ ಕಾರಣ.

ಚರ್ಮದ ಸಂವೇದನೆ

ಚರ್ಮದಲ್ಲಿ ಬಿಸಿಯನ್ನು ಗ್ರಹಿಸುವ ಬಿಂದುಗಳೂ ಚಳಿಯನ್ನು ಗ್ರಹಿಸುವ ಬಿಂದುಗಳೂ ಬೇರೆಬೇರೆ ಎಂಬುದನ್ನು ಸ್ವೀಡನ್ನಿನ ಮಾಗ್ನಸ್ ಬ್ಲಿಕ್ಸ್ 1882ರಲ್ಲಿ ಕಂಡುಹಿಡಿದ. ಚಳಿಯ ಬಿಂದುಗಳೇ ಸಂಖ್ಯೆಯಲ್ಲಿ ಹೆಚ್ಚು. ಅಮೆರಿಕದ ಡೇವಿಡ್ ಜೂಲಿಯಸ್‌ರ ತಂಡ 1997ರಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಗುರುತಿಸಿತು. ಇದು ಸುಮಾರು 43 ಡಿಗ್ರಿ ಮೀರಿದ ಸುಡುವ ಬಿಸಿಗೂ ಮೆಣಸಿನಕಾಯಿಯ ಖಾರಕ್ಕೂ ಒಂದೇ ರೀತಿ ಎಚ್ಚರಗೊಳ್ಳುತ್ತದೆ. 2002ರಲ್ಲಿ ಗುರುತಿಸಲಾದ ಟಿಆರ್‌ಪಿಎಂ8 ಚಳಿಗೂ ಪುದೀನದ ಸತ್ತ್ವವಾದ ಮೆಂಥಾಲಿಗೂ ಸ್ಪಂದಿಸುತ್ತದೆ. ಖಾರ ತಿಂದರೆ ಬಾಯಿ ‘ಉರಿಯುತ್ತದೆ’, ಪುದೀನ ಅಗಿದರೆ ‘ತಣ್ಣಗಾಗುತ್ತದೆ’ ಎಂಬ ಮಾತುಗಳು ನರಗಳ ಮಟ್ಟದಲ್ಲೂ ನಿಜವೆಂದಾಯಿತು. ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್‌ರಿಗೆ 2021ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ಬಂತು.

ಚರ್ಮ ಉಷ್ಣತೆಗಿಂತ ಅದರ ಏರಿಳಿತವನ್ನು ಹೆಚ್ಚು ಚುರುಕಾಗಿ ಗ್ರಹಿಸುತ್ತದೆ. ಮೂರು ಬೋಗುಣಿಗಳಲ್ಲಿ ತಣ್ಣೀರು, ಉಗುರುಬೆಚ್ಚನೆಯ ನೀರು, ಬಿಸಿನೀರು ಇಟ್ಟು, ಒಂದು ಕೈಯನ್ನು ತಣ್ಣೀರಿನಲ್ಲೂ ಇನ್ನೊಂದನ್ನು ಬಿಸಿನೀರಿನಲ್ಲೂ ಸ್ವಲ್ಪ ಹೊತ್ತು ಅದ್ದಿ, ಬಳಿಕ ಎರಡನ್ನೂ ನಡುವಿನ ಬೋಗುಣಿಗೆ ಹಾಕಿದರೆ, ಒಂದೇ ನೀರು ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಣ್ಣಗೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 17ನೆಯ ಶತಮಾನದ ಕೊನೆಯಲ್ಲಿ ಚರ್ಚಿಸಿದ ಉದಾಹರಣೆ ಇದು. ಬಿಸಿಲಿನಿಂದ ಒಳಬಂದವರಿಗೆ ನಡುಮನೆ ತಂಪೆನಿಸಿ, ಒಳಗೇ ಇದ್ದವರಿಗೆ ಸೆಕೆ ಎನಿಸುವುದೂ ಹೀಗೆಯೇ. ಮೈಗೆ ಯಾವುದರ ಕೊರತೆಯಿದೆಯೋ ಅದನ್ನು ತುಂಬುವ ಸ್ಪರ್ಶ ಸುಖ ಕೊಡುತ್ತದೆ ಎಂದು ಫ್ರಾನ್ಸಿನ ಮಿಷೆಲ್ ಕಬಾನಾಕ್ 1971ರಲ್ಲಿ ವಿವರಿಸಿದರು. ಚಳಿಯಲ್ಲಿ ಬಂದವರು ಬಚ್ಚಲ ಹಂಡೆಯ ಮೊದಲ ಚೊಂಬು ಬಿಸಿನೀರು ಸುರಿದುಕೊಂಡಾಗ ಆಗುವ ಸುಖ ಹತ್ತನೆಯ ಚೊಂಬಿನಲ್ಲಿ ಇರುವುದಿಲ್ಲ.

ಸ್ಪರ್ಶದ ಇನ್ನೊಂದು ಪಾಠ ನೆಲದ್ದು. ಬೆಳಗಿನ ಜಾವ ಬರಿಗಾಲನ್ನು ಕಲ್ಲು ಚಪ್ಪಡಿಯ ಮೇಲಿಟ್ಟರೆ ಜುಮ್ಮೆನ್ನುತ್ತದೆ; ಪಕ್ಕದ ಮರದ ಮಣೆಯ ಮೇಲೆ ಹಾಗಾಗದು; ಕಂಬಳಿ ಬೆಚ್ಚಗೇ ಇರುತ್ತದೆ. ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿದ್ದ ಮೂರರ ಉಷ್ಣತೆಯೂ ಒಂದೇ. ಗ್ರಾನೈಟ್ ಕಾಲಿನ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನವಾಗಿ, ಗಾಳಿಯನ್ನು ಹಿಡಿದಿಟ್ಟ ಉಣ್ಣೆ ಇನ್ನೂ ನಿಧಾನವಾಗಿ. ಬೇಸಿಗೆಯ ಮಧ್ಯಾಹ್ನ ಜನ ಚಾಪೆಯನ್ನೂ ಬಿಟ್ಟು ಬರಿ ನೆಲದಲ್ಲಿ ಮಲಗುವುದು ಇದೇ ಗುಣಕ್ಕಾಗಿ.

ಆರು ಅಂಶಗಳು

ಉಷ್ಣಹಿತವನ್ನು ನಿರ್ಧರಿಸುವ ಅಂಶಗಳು ಆರು: ಗಾಳಿಯ ಉಷ್ಣತೆ, ಸುತ್ತಲಿನ ಮೇಲ್ಮೈಗಳ ವಿಕಿರಣ ಉಷ್ಣತೆ, ಗಾಳಿಯ ವೇಗ, ಆರ್ದ್ರತೆ, ಮೈಯ ಕೆಲಸ, ಉಡುಪು. ನಿಶ್ಚಲ ಗಾಳಿಯಲ್ಲಿ ಮೊದಲ ಎರಡರ ಸರಾಸರಿಯೇ ಮೈಗೆ ತಟ್ಟುವ ಉಷ್ಣತೆ ಎನ್ನಬಹುದು. ಗಾಳಿ 30 ಡಿಗ್ರಿ ಇದ್ದು, ಕಾದ ಸೂರಿನ ದೆಸೆಯಿಂದ ವಿಕಿರಣ ಉಷ್ಣತೆಯ ಸರಾಸರಿ 36 ಡಿಗ್ರಿ ಆಗಿದ್ದರೆ, ಮೈಗೆ ಅದು 33 ಡಿಗ್ರಿಯ ಕೋಣೆ.

ಉಡುಪನ್ನು ‘ಕ್ಲೋ’ ಎಂಬ ಮಾನದಿಂದ ಅಳೆಯುತ್ತಾರೆ. ಇದನ್ನು 1941ರಲ್ಲಿ ರೂಪಿಸಿದಾಗ 21 ಡಿಗ್ರಿಯ ಕೋಣೆಯಲ್ಲಿ ಸೂಟು ತೊಟ್ಟು ಹಾಯಾಗಿ ಕುಳಿತ ಮನುಷ್ಯ ಅದರ ಮಾದರಿಯಾಗಿದ್ದ. ಈ ಮಾನಕ್ಕೆ ಸೀರೆಯನ್ನು ಹೊಂದಿಸುವುದು ಸುಲಭವಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಒಂದು ಅಳತೆ, ಬೆನ್ನಿನ ಮೇಲೆ ಬಳಸಿ ಹೊದ್ದರೆ ಇನ್ನೊಂದು. ದಿನಕ್ಕೆ ಹತ್ತು ಸಲ ಹೊಂದಿಸಿಕೊಳ್ಳಬಲ್ಲ ಉಡುಪಿದು. ಪಂಚೆಯನ್ನು ಎತ್ತಿ ಕಟ್ಟುವುದು, ಟವಲನ್ನು ತಲೆಗೆ ಸುತ್ತುವುದು ಇದೇ ಬಗೆಯ ಹೊಂದಾಣಿಕೆಗಳು. ಕುರಿಯ ಉಣ್ಣೆಯ ಕಂಬಳಿ ಚಳಿಗೂ ಸೋನೆಮಳೆಗೂ ಆಗುತ್ತದೆ; ಅದರಲ್ಲಿ ಮೈಯನ್ನು ಬೆಚ್ಚಗಿಡುವುದು ನೂಲಿಗಿಂತ ಹೆಚ್ಚಾಗಿ ನೂಲಿನ ನಡುವಿನ ಗಾಳಿ.

ಅಧ್ಯಯನದ ಚರಿತ್ರೆ

ಡೆನ್ಮಾರ್ಕಿನ ಪಿ. ಓಲೆ ಫಾಂಗರ್ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆರೂ ಅಂಶಗಳನ್ನು ಒಂದೇ ಸಮೀಕರಣಕ್ಕೆ ತಂದರು. ಒಂದು ಕೋಣೆಯಲ್ಲಿ ಎಷ್ಟು ಮಂದಿ ಅತೃಪ್ತರಾಗಿರುತ್ತಾರೆ ಎಂಬುದನ್ನು ಅದರಿಂದ ಅಂದಾಜಿಸಬಹುದು. ಎಷ್ಟೇ ಒಳ್ಳೆಯ ಕೋಣೆಯಲ್ಲೂ ನೂರರಲ್ಲಿ ಐವರು ಅತೃಪ್ತರಾಗಿಯೇ ಇರುತ್ತಾರೆ ಎಂಬುದು ಆ ಲೆಕ್ಕದ ಒಂದು ಫಲಿತ. ಆದರೆ ಅದಕ್ಕೆ ಆಧಾರವಾದವರು ಬಹುಮಟ್ಟಿಗೆ ಅಮೆರಿಕ ಮತ್ತು ಡೆನ್ಮಾರ್ಕಿನ ಪ್ರಯೋಗಕೋಣೆಗಳಲ್ಲಿ ಕುಳಿತ ಕಾಲೇಜು ವಿದ್ಯಾರ್ಥಿಗಳು.

ಮನೆಗಳಲ್ಲಿ ಬಾಳುವ ಜನರನ್ನು ಕೇಳಿದಾಗ ಬೇರೆಯೇ ಉತ್ತರ ಬಂತು. ಇಂಗ್ಲೆಂಡಿನ ಫರ್ಗಸ್ ನಿಕೋಲ್ 1974ರಲ್ಲಿ ರೂರ್ಕಿ ಮತ್ತು ಬಾಗ್ದಾದಿನ ಮಾಹಿತಿಯನ್ನು ವಿಶ್ಲೇಷಿಸಿ, ಅಲ್ಲಿನವರು ಪಾಶ್ಚಾತ್ಯ ಮಾನಗಳನ್ನು ಮೀರಿದ ಬಿಸಿಯಲ್ಲೂ ಹಾಯಾಗಿರುತ್ತಾರೆ ಎಂದು ತೋರಿಸಿದರು. ಕಿಟಕಿ ತೆರೆಯಲು, ಉಡುಪು ಬದಲಿಸಲು, ಜಗಲಿಗೆ ಎದ್ದುಹೋಗಲು ಸ್ವಾತಂತ್ರ್ಯವಿರುವವರು ಹೊರಗಿನ ಹವೆಯ ಜೊತೆಗೆ ತಮ್ಮ ಹಿತವನ್ನೂ ಹೊಂದಿಸಿಕೊಳ್ಳುತ್ತಾರೆ ಎಂಬ ಹೊಂದಾಣಿಕೆಯ ಸಿದ್ಧಾಂತ ಹೀಗೆ ಬೆಳೆಯಿತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯ ಶರ್ಮ ಮತ್ತು ಶರಾಫತ್ ಅಲಿ 1986ರಲ್ಲಿ ‘ಉಷ್ಣವಲಯದ ಬೇಸಿಗೆ ಸೂಚಿ’ಯನ್ನು ರೂಪಿಸಿ, ಅದರಲ್ಲಿ 25ರಿಂದ 30 ಡಿಗ್ರಿಯನ್ನು ಹಿತದ ವ್ಯಾಪ್ತಿಯೆಂದು ಗುರುತಿಸಿದರು. ಹೈದರಾಬಾದಿನ ವಸತಿಸಮುಚ್ಚಯಗಳಲ್ಲಿ 2008ರಲ್ಲಿ ಅಧ್ಯಯನ ಮಾಡಿದ ಮಾಧವಿ ಇಂದ್ರಗಂಟಿಯವರಿಗೆ ಜನ ಹಿತವೆಂದದ್ದು ಸುಮಾರು 29 ಡಿಗ್ರಿಯನ್ನು. ಆಗಿನ ರಾಷ್ಟ್ರೀಯ ಕಟ್ಟಡ ಸಂಹಿತೆ ಬೇಸಿಗೆಗೆ ಹೇಳುತ್ತಿದ್ದದ್ದು 23–26 ಡಿಗ್ರಿ.

ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ದೇಶದ ಬೇರೆಬೇರೆ ಹವೆಗಳ ಕಚೇರಿಗಳಲ್ಲಿ ಸಮೀಕ್ಷೆ ನಡೆಸಿ ಭಾರತೀಯ ಮಾದರಿಯೊಂದನ್ನು ರೂಪಿಸಿದರು. 2016ರ ಕಟ್ಟಡ ಸಂಹಿತೆಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. ಕಿಟಕಿಯ ಗಾಳಿಯನ್ನೇ ನಂಬಿದ ಕಟ್ಟಡಗಳಲ್ಲಿ, ಹಿಂದಿನ ದಿನಗಳ ಹೊರಗಿನ ಸರಾಸರಿ ಉಷ್ಣತೆಯನ್ನು 0.54ರಿಂದ ಗುಣಿಸಿ 12.83 ಕೂಡಿಸಿದರೆ ಒಳಗಿನ ಹಿತದ ಉಷ್ಣತೆ ಸಿಗುತ್ತದೆ. ಹೊರಗಿನ ಸರಾಸರಿ 21 ಡಿಗ್ರಿ ಇರುವ ಮಾಗಿಯಲ್ಲಿ ಅದು ಸುಮಾರು 24 ಡಿಗ್ರಿ. 27 ಇರುವ ಬೇಸಿಗೆಯಲ್ಲಿ 27ಕ್ಕೂ ತುಸು ಮೇಲೆ. ವರ್ಷವಿಡೀ ಒಂದೇ ಅಂಕಿಗೆ ಅಂಟಿಕೊಳ್ಳಬೇಕಿಲ್ಲ ಎಂಬುದನ್ನು ಈ ಸೂತ್ರ ಒಪ್ಪುತ್ತದೆ.

ಸಾನಮಾವು ಸೀಮೆಯ ಮನೆಗಳು

ಹಳೆಯ ಮನೆಗಳ ಗೋಡೆ ಒಂದೂವರೆ ಅಡಿಯಷ್ಟು ದಪ್ಪದ ಮಣ್ಣಿನದು. ಬಿಸಿಲಿನ ಕಾವು ಅಂಥ ಗೋಡೆಯನ್ನು ದಾಟಲು ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ. ಮಧ್ಯಾಹ್ನದ ಬಿಸಿ ಒಳಮುಟ್ಟುವ ಹೊತ್ತಿಗೆ ಹೊರಗೆ ಚಳಿ ಬಿದ್ದಿರುತ್ತದೆ. ಬೇಡವಾದ ಹಗಲಿನ ಕಾವೇ ಇರುಳಿಗೆ ಬೇಕಾದ ಬಿಸುಪಾಗುತ್ತದೆ. ಹಗಲಿರುಳಿನ ಅಂತರ ದೊಡ್ಡದಿರುವ ಈ ಪ್ರಸ್ಥಭೂಮಿಗೆ ಇದಕ್ಕಿಂತ ಒಪ್ಪುವ ಗೋಡೆಯಿಲ್ಲ. ಮೇಲೆ ಹುಲ್ಲು ಅಥವಾ ನಾಡಹೆಂಚು, ಕೆಳಗೆ ಸಗಣಿ ಸಾರಿಸಿದ ನೆಲ, ಮುಂದೆ ಜಗಲಿ, ಅಂಗಳದಾಚೆ ಹೊಂಗೆಯೋ ಹುಣಸೆಯೋ ಮಾವೋ ಒಂದು ಮರ. ಸಂಜೆ ಜಗಲಿಗೆ, ರಾತ್ರಿ ಒಳಕ್ಕೆ, ಮಧ್ಯಾಹ್ನ ಮರದಡಿಗೆ: ಒಂದೇ ಕೋಣೆಯನ್ನು ಎಲ್ಲ ಹೊತ್ತಿಗೂ ಹಿತವಾಗಿಸುವ ಬದಲು, ಹೊತ್ತಿಗೆ ಹಿತವಾದ ಜಾಗಕ್ಕೆ ಜನ ಹೋಗುತ್ತಿದ್ದರು.

ಕೃಷ್ಣಗಿರಿ ಗ್ರಾನೈಟಿನ ಜಿಲ್ಲೆ. ಕಲ್ಲು ಚಪ್ಪಡಿಗಳು ಇಲ್ಲಿ ಬೇಲಿಗೂ ಗೋಡೆಗೂ ಸೂರಿಗೂ ಬಂದಿವೆ. ಚಪ್ಪಡಿ ಗಟ್ಟಿ, ಆದರೆ ತೆಳುವಾದದ್ದು ಶಾಖವನ್ನು ಬೇಗ ದಾಟಿಸುತ್ತದೆ. ಮೇಲೆ ಮಣ್ಣು, ಗಾರೆ ಹೊದಿಸಿದ ಚಪ್ಪಡಿ ಸೂರು ಅದಕ್ಕಿಂತ ಎಷ್ಟೋ ಮೇಲು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ದಕ್ಷಿಣ ಭಾರತದಲ್ಲೆಲ್ಲ ಹರಡಿದ ಮಂಗಳೂರು ಹೆಂಚು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಹೆಂಚಿನ ಸಂದಿಗಳಲ್ಲಿ ಬಿಸಿಗಾಳಿ ಹೊರಹೋಗುತ್ತದೆ. ಕಾಂಕ್ರೀಟಿನ ತಾರಸಿ ಹಗಲೆಲ್ಲ ಕಾದು, ಜನ ಮಲಗುವ ಹೊತ್ತಿಗೆ ಆ ಕಾವನ್ನು ಕೆಳಕ್ಕೆ ಬಿಡುತ್ತದೆ. ಫ್ಯಾನ್ ಹಾಕಿದರೂ ತಲೆಯ ಮೇಲೆ ಒಲೆಯಿದ್ದಂತೆ ಅನ್ನಿಸುವುದು ಈ ವಿಕಿರಣದಿಂದ.

ಎಲ್ಲಕ್ಕಿಂತ ಕಠಿಣವಾದದ್ದು ಶೀಟಿನ ಮನೆ. 1970ರ ದಶಕದಿಂದ ಹೊಸೂರಿನಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಬೆಳೆದಂತೆ ದುಡಿಯಲು ಬಂದವರ ಬಾಡಿಗೆ ಕೋಣೆಗಳೂ ಬೆಳೆದವು. ಅಗ್ಗವಾದ ಸಿಮೆಂಟ್ ಶೀಟು, ತಗಡಿನ ಶೀಟು ಅವಕ್ಕೆ ಸೂರಾಯಿತು. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಉಷ್ಣತೆ 50 ಡಿಗ್ರಿ ಮೀರುವುದು ಸಾಮಾನ್ಯ. ಕೈಯೆತ್ತಿದರೆ ಎಟುಕುವಷ್ಟು ತಗ್ಗಾದ ಶೀಟಿನ ಕೆಳಗೆ ಕುಳಿತವರ ನೆತ್ತಿಗೆ ಝಳ ನೇರವಾಗಿ ತಾಗುತ್ತದೆ. ಮಾಗಿಯಲ್ಲಿ ಅದೇ ಶೀಟು ತಿಳಿಯಾದ ಆಕಾಶಕ್ಕೆ ಶಾಖವನ್ನು ಬಿಟ್ಟುಕೊಟ್ಟು ಗಾಳಿಗಿಂತಲೂ ತಣ್ಣಗಾಗುತ್ತದೆ. ಮಲಗಿದವರ ಉಸಿರಿನ ತೇವ ಅದರ ಅಡಿಯಲ್ಲಿ ಹನಿಗಟ್ಟಿ, ಬೆಳಗಿನ ಜಾವ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತದೆ. ಒಂದೇ ಸೂರು ಎರಡು ಕಾಲದಲ್ಲೂ ಮೈಗೆ ಎದುರು ನಿಲ್ಲುತ್ತದೆ. ಪಾಳಿಯ ಮೇಲೆ ದುಡಿದು ಹಗಲು ಮಲಗಬೇಕಾದವರ ಪಾಲಿಗೆ ಇದು ಹಿತದ ಪ್ರಶ್ನೆಯನ್ನು ದಾಟಿ ನಿದ್ದೆಯ, ಆರೋಗ್ಯದ ಪ್ರಶ್ನೆಯಾಗುತ್ತದೆ.

ವ್ಯಕ್ತಿಯಿಂದ ವ್ಯಕ್ತಿಗೆ

ಒಂದೇ ಕೋಣೆ ಎಲ್ಲರಿಗೂ ಒಂದೇ ಅಲ್ಲ. ಕಚೇರಿಗಳ ಲೆಕ್ಕದಲ್ಲಿ ಬಹುಕಾಲ ಬಳಕೆಯಾದ ಶಾಖೋತ್ಪತ್ತಿಯ ಅಂಕಿ 70 ಕಿಲೋ ತೂಕದ 40 ವರ್ಷದ ಗಂಡಸಿನದು. ಹೆಂಗಸರ ವಿಷಯದಲ್ಲಿ ಅದು ವಾಸ್ತವಕ್ಕಿಂತ ಹೆಚ್ಚು ಎಂದು ಬೋರಿಸ್ ಕಿಂಗ್ಮಾ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ಮುಪ್ಪಿನಲ್ಲಿ ಚರ್ಮದ ಸಂವೇದನೆ ಮಂದವಾಗಿ ಬೆವರುವುದೂ ಕಡಿಮೆಯಾಗುವುದರಿಂದ, ಸೆಕೆ ಅಪಾಯದ ಮಟ್ಟ ಮುಟ್ಟಿದರೂ ಹಿರಿಯರಿಗೆ ತಿಳಿಯದೆ ಹೋಗಬಹುದು. ಹಸುಗೂಸುಗಳಿಗೆ ಹೇಳಲು ಬಾರದು. ಒಲೆಯ ಮುಂದೆ ನಿಂತು ಮುದ್ದೆ ತೊಳಸುವವರಿಗೆ ಕೆಲಸದ ಶಾಖ, ಬೆಂಕಿಯ ಝಳ, ಆವಿಯ ತೇವ ಮೂರೂ ಒಟ್ಟಿಗೆ. ಮನೆಯ ಹಿತವನ್ನು ಅಳೆಯುವವರು ನಡುಮನೆಯ ಕುರ್ಚಿಯಲ್ಲಿ ಕೂರದೆ ಮೊದಲು ಅಡುಗೆಮನೆಯಲ್ಲಿ ನಿಲ್ಲಬೇಕು.

ಹಿತವನ್ನು ಮರಳಿ ಪಡೆಯುವ ದಾರಿಗಳು

ಫ್ಯಾನ್ ಗಾಳಿಯನ್ನು ತಣಿಸುವುದಿಲ್ಲ, ಮೈಯನ್ನು ತಣಿಸುತ್ತದೆ. ಅದರ ಗಾಳಿಯಿಂದ ಎರಡು ಮೂರು ಡಿಗ್ರಿ ಇಳಿದಷ್ಟು ಹಿತ ಸಿಗುತ್ತದೆ. ಗಾಳಿಯೇ ಚರ್ಮಕ್ಕಿಂತ ಬಿಸಿಯಾದಾಗ ಬೆವರು ಆರುವುದೊಂದೇ ಆಸರೆ. ಏಸಿ ಕೋಣೆಯನ್ನು ತಣಿಸುತ್ತದೆ, ಆದರೆ ಆ ಶಾಖವನ್ನು ಹೊರಗಿನ ಬೀದಿಗೆ ಸುರಿಯುತ್ತದೆ. ಸ್ಟಾರ್ ಗುರುತಿನ ಏಸಿಗಳು ಚಾಲೂ ಮಾಡಿದೊಡನೆ 24 ಡಿಗ್ರಿಯಲ್ಲೇ ಇರಬೇಕೆಂಬ ನಿಯಮ 2020ರ ಜನವರಿಯಿಂದ ಜಾರಿಯಲ್ಲಿದೆ.

ಸೂರಿಗೆ ಬಿಳಿ ಸುಣ್ಣ ಬಳಿಯುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಹೊಸ ಸುಣ್ಣ ಬಿಸಿಲಿನ ಬಹುಪಾಲನ್ನು ಹಿಂದಿರುಗಿಸುವುದರಿಂದ ಸೂರಿನ ಕಾವು ಗಮನಾರ್ಹವಾಗಿ ಇಳಿಯುತ್ತದೆ. ತೆಂಗಿನ ಗರಿ ಹೊದಿಸುವುದು, ಶೀಟಿನ ಕೆಳಗೆ ಗಾಳಿಯಾಡುವಂತೆ ಬಿದಿರಿನ ತಟ್ಟಿ ಕಟ್ಟುವುದು, ಗೋಡೆಯ ಮೇಲ್ತುದಿಯಲ್ಲಿ ಗವಾಕ್ಷಿ ಇಡುವುದು ಹಳ್ಳಿಗರಿಗೆ ಗೊತ್ತಿರುವ ಕ್ರಮಗಳೇ. ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಬಂದ ‘ಇಕೋ ನಿವಾಸ್ ಸಂಹಿತಾ’ ಸೂರು ದಾಟಿಸಬಹುದಾದ ಶಾಖಕ್ಕೆ, ಚದರ ಮೀಟರಿಗೆ ಪ್ರತಿ ಡಿಗ್ರಿ ಅಂತರಕ್ಕೆ 1.2 ವ್ಯಾಟ್ ಎಂಬ ಮಿತಿ ಹಾಕಿದೆ. ಹೊದಿಕೆಯಿಲ್ಲದ ಕಾಂಕ್ರೀಟ್ ತಾರಸಿಯೇ ಇದರ ಎರಡು ಪಟ್ಟು ಮೀರುತ್ತದೆ. ಶೀಟಿನ ಮಾತು ಹೇಳಬೇಕಿಲ್ಲ. ತಮಿಳುನಾಡು ಸರ್ಕಾರ 2024ರ ಅಕ್ಟೋಬರಿನಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತುಗಳ ಪಟ್ಟಿಗೆ ಸೇರಿಸಿತು. ಆದರೆ ವಿಪತ್ತು ಬಯಲಲ್ಲಿ ಮಾತ್ರ ಇರುವುದಿಲ್ಲ, ಶೀಟಿನ ಕೆಳಗಿನ ಕೋಣೆಯಲ್ಲೂ ಇರುತ್ತದೆ.

ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡಿಹೋಗುತ್ತದೆ ಎಂಬ ಮಾತು ಈ ಕಡೆಯ ಕನ್ನಡಿಗರಲ್ಲೂ ಉಂಟು. ಚಳಿ ಓಡುವುದಕ್ಕೂ ಯುಗಾದಿಯ ಬಿಸಿಲು ಏರುವುದಕ್ಕೂ ನಡುವೆ ಕೆಲವೇ ವಾರಗಳು. ಸೂರಿಗೆ ಸುಣ್ಣ ಬಳಿಯಲು, ತಟ್ಟಿ ಕಟ್ಟಲು, ಬಾಡಿಗೆ ಕೋಣೆಯ ಗೋಡೆಗೊಂದು ಗವಾಕ್ಷಿ ತೆಗೆಸಲು ತಕ್ಕ ಕಾಲ ಅದೇ.